ನೆರೆಯವನ ಮನಸ್ಸು ನಮಗೆಷ್ಟು ಗೊತ್ತು?

ಖಾನಾಪುರ ತಾಲೂಕಿನ ಬೀಡಿಯಂಥ ಊರಿನಲ್ಲಿ ಎತ್ತು ಮೇವು ಬಿಟ್ಟರೆ ಜನರು ಪಶುವೈದ್ಯರನ್ನು ಕರೆಸುತ್ತಾರೆ. ಕೊಳವೆಬಾವಿಯ ಮೋಟಾರು ಕೆಟ್ಟರೆ ಆ ಕೆಲಸ ಬಲ್ಲವನನ್ನು ಹುಡುಕುತ್ತಾರೆ. ಕಬ್ಬಿಗೆ ರೋಗ ತಗುಲಿದರೆ ಕೃಷಿ ಇಲಾಖೆಯವರನ್ನು ವಿಚಾರಿಸುತ್ತಾರೆ. ಆದರೆ ನೆರೆಮನೆಯ ಹುಡುಗ ಕಾಲೇಜು ಬಿಟ್ಟು ಮನೆಯಲ್ಲಿ ಕುಳಿತರೆ, ಹೊಸದಾಗಿ ಬಂದ ಸೊಸೆ ಯಾರೊಡನೆಯೂ ಮಾತನಾಡದೆ ಉಳಿದರೆ, ಐವತ್ತು ದಾಟಿದ ರೈತನೊಬ್ಬ ಹೊಲದ ಕಡೆ ಹೆಜ್ಜೆ ಹಾಕುವುದನ್ನೇ ಬಿಟ್ಟರೆ ಯಾರನ್ನೂ ಕೇಳುವ ಅಗತ್ಯ ನಮಗೆ ಕಾಣುವುದಿಲ್ಲ. ಕಾರಣ ನಮಗೆ ಮೊದಲೇ ಗೊತ್ತಿರುತ್ತದೆ. ಹುಡುಗನಿಗೆ ಸೋಮಾರಿತನ, ಸೊಸೆಗೆ ಸೊಕ್ಕು, ರೈತನಿಗೆ ಕುಡಿತದ ಚಟ ಅಥವಾ ಯಾರೋ ಮಾಡಿಸಿದ ಮಾಟ. ಕಟ್ಟೆಯ ಮೇಲೆ ಕುಳಿತ ನಾಲ್ವರು ಐದು ನಿಮಿಷಗಳಲ್ಲಿ ಇಷ್ಟನ್ನೂ ತೀರ್ಮಾನಿಸಿ ಏಳುತ್ತಾರೆ.

ಇದು ಬೀಡಿಯೊಂದರ ಮಾತಲ್ಲ. ಬೆಳಗಾವಿ ನಗರದ ಬಡಾವಣೆಗಳಲ್ಲಿಯೂ, ಬೆಂಗಳೂರಿನ ಕಚೇರಿಗಳಲ್ಲಿಯೂ ನಡೆಯುವುದು ಇದೇ. ಎಲ್ಲ ವಿದ್ಯೆಗಳಲ್ಲಿಯೂ ಬಲ್ಲವರ ಮುಂದೆ ತಲೆಬಾಗುವ ಮನುಷ್ಯನು, ಮನುಷ್ಯರ ಮನಸ್ಸಿನ ವಿಷಯದಲ್ಲಿ ಮಾತ್ರ ತಾನೇ ಪಂಡಿತನೆಂದು ಭಾವಿಸುತ್ತಾನೆ. ಆದುದರಿಂದ ಮನೋವಿಜ್ಞಾನವೆಂಬ ಶಾಸ್ತ್ರದ ಬಗ್ಗೆ ಅನೇಕರಿಗೆ ಒಂದು ಸಂದೇಹವಿದೆ: ಅನುಭವಸ್ಥರಾದ ಹಿರಿಯರಿಗೆ ತಿಳಿಯದೆ ಇರುವುದನ್ನು ಅದು ಹೇಳುವುದಾದರೂ ಏನು? ಈ ಸಂದೇಹವನ್ನು ತಳ್ಳಿಹಾಕದೆ ಪರಿಶೀಲಿಸುವುದು ಒಳ್ಳೆಯದು. ಏಕೆಂದರೆ ಲೋಕಜ್ಞಾನಕ್ಕೂ ಮನೋವಿಜ್ಞಾನಕ್ಕೂ ಇರುವ ವ್ಯತ್ಯಾಸವು ವಿದ್ವಾಂಸರ ಚರ್ಚೆಗಷ್ಟೇ ಸೇರಿದ್ದಲ್ಲ. ನೆರೆಯವನ ಒಳಗನ್ನು ಕುರಿತು ತೀರ್ಪು ಕೊಡುವ ಹಕ್ಕು ನಮಗೆ ಎಷ್ಟಿದೆ ಎಂಬ ನೈತಿಕ ಪ್ರಶ್ನೆ ಅದರೊಳಗಿದೆ.

ಲೋಕಜ್ಞಾನದ ಬಲ

ಮೊದಲಿಗೆ ಲೋಕಜ್ಞಾನಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ಮಗು ಹಸಿವಿನಿಂದ ಅಳುತ್ತಿದೆಯೋ ನಿದ್ದೆಗಾಗಿ ಅಳುತ್ತಿದೆಯೋ ಎಂಬುದನ್ನು ತಾಯಿಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿಲ್ಲ. ಸಾವಿನ ಮನೆಗೆ ಹೋದಾಗ ಮಾತಿಗಿಂತ ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದು ಮೇಲು ಎಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಕನ್ನಡ ಮರಾಠಿಗಳೆರಡನ್ನೂ ಆಡುವ ಈ ಗಡಿನಾಡಿನ ಸಂತೆಗಳಲ್ಲಿ ವ್ಯಾಪಾರಿಯು ಗಿರಾಕಿಯ ಮುಖ ನೋಡಿಯೇ ಯಾವ ಭಾಷೆಯಲ್ಲಿ ಕರೆಯಬೇಕೆಂದು ಬಹುಮಟ್ಟಿಗೆ ಸರಿಯಾಗಿಯೇ ಊಹಿಸುತ್ತಾನೆ. ಒಟ್ಟಿಗೆ ಬದುಕುವ ಜನರು ಪರಸ್ಪರರನ್ನು ಅರಿಯಲು ಬೆಳೆಸಿಕೊಂಡ ಈ ತಿಳಿವಳಿಕೆ ಇಲ್ಲದಿದ್ದರೆ ಸಂಸಾರವೂ ನಡೆಯದು, ಸಮಾಜವೂ ನಡೆಯದು.

ಹಾಗಾದರೆ ಅದರ ಕೊರತೆ ಎಲ್ಲಿದೆ? ನಮ್ಮ ಗಾದೆಗಳನ್ನೇ ನೋಡೋಣ. ಒಳ್ಳೆಯ ಮನೆತನದ ಹುಡುಗ ಕೆಟ್ಟ ದಾರಿ ಹಿಡಿದರೆ 'ಸಹವಾಸದಿಂದ ಸನ್ಯಾಸಿ ಕೆಟ್ಟ' ಎನ್ನುತ್ತೇವೆ. ಒಳ್ಳೆಯ ಶಾಲೆಗೆ ಹಾಕಿದ ಮೇಲೆಯೂ ಹುಡುಗ ತಿದ್ದಿಕೊಳ್ಳದಿದ್ದರೆ 'ಹುಟ್ಟುಗುಣ ಸುಟ್ಟರೂ ಹೋಗದು' ಎನ್ನುತ್ತೇವೆ. ಕಾದು ಗೆದ್ದವನಿಗೆ 'ತಾಳಿದವನು ಬಾಳಿಯಾನು' ಎಂಬ ಮಾತು ಸಿದ್ಧವಾಗಿದೆ. ಕಾದು ಸೋತವನಿಗೆ 'ಆಲಸ್ಯಂ ಅಮೃತಂ ವಿಷಂ' ಎಂಬುದು ಸಿದ್ಧವಾಗಿದೆ. ಒಂದೊಂದು ಗಾದೆಯಲ್ಲಿಯೂ ಸತ್ಯದ ಅಂಶವಿದೆ. ಆದರೆ ಎರಡನ್ನೂ ಜೇಬಿನಲ್ಲಿಟ್ಟುಕೊಂಡವನು ಎಂದೂ ತಪ್ಪಲಾರ. ಏನೇ ಸಂಭವಿಸಲಿ, ಸಂಭವಿಸಿದ ಮೇಲೆ ಅದಕ್ಕೆ ತಕ್ಕ ವಿವರಣೆ ಅವನ ಬಳಿ ಇರುತ್ತದೆ. ಹುಟ್ಟುಗುಣ ಎಲ್ಲಿಯವರೆಗೆ, ಸಹವಾಸ ಎಲ್ಲಿಂದ, ಯಾವ ಹುಡುಗನಲ್ಲಿ ಯಾವುದು ಹೆಚ್ಚು ಎಂದು ಮುಂಚಿತವಾಗಿ ಹೇಳೆಂದರೆ ಆತ ನಿರುತ್ತರನಾಗುತ್ತಾನೆ.

ಇನ್ನೊಂದು ಕೊರತೆ ಎಣಿಕೆಗೆ ಸಂಬಂಧಿಸಿದ್ದು. ಹುಣ್ಣಿಮೆ ಅಮಾವಾಸ್ಯೆಗಳಂದು ಮನೋರೋಗಿಗಳ ಕಾಟ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅಂಥ ದಿನದಲ್ಲಿ ಒಬ್ಬ ಕೂಗಾಡಿದರೆ ಊರಿಗೆಲ್ಲ ನೆನಪಿರುತ್ತದೆ. ಆದರೆ ಸಪ್ತಮಿ ಅಷ್ಟಮಿಯಂದು ಆತ ಕೂಗಾಡಿದ್ದನ್ನು ಯಾರೂ ಗುರುತು ಹಾಕಿಕೊಳ್ಳುವುದಿಲ್ಲ. ಅಮಾವಾಸ್ಯೆಯಂದು ಶಾಂತನಾಗಿ ಮಲಗಿದ್ದನ್ನಂತೂ ಯಾರೂ ಗಮನಿಸಿರುವುದಿಲ್ಲ. ಹುಣ್ಣಿಮೆಯ ಕುರಿತ ಇಂಥದೇ ನಂಬಿಕೆ ಪಾಶ್ಚಾತ್ಯ ದೇಶಗಳಲ್ಲಿಯೂ ಇದೆ. 1985ರಲ್ಲಿ ರಾಟನ್ ಮತ್ತು ಕೆಲಿ ಎಂಬ ಸಂಶೋಧಕರು ಈ ವಿಷಯವಾಗಿ ನಡೆದಿದ್ದ 37 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಚಂದ್ರನ ವೃದ್ಧಿಕ್ಷಯಗಳಿಗೂ ಮನುಷ್ಯರ ನಡವಳಿಕೆಗೂ ಗಣನೀಯವಾದ ಸಂಬಂಧ ಅವರಿಗೆ ಕಾಣಲಿಲ್ಲ. ಅವರು ನಮಗಿಂತ ಬುದ್ಧಿವಂತರಾಗಿದ್ದರೆಂದಲ್ಲ. ಘಟನೆ ನಡೆದ ದಿನಗಳ ಜೊತೆಗೆ ನಡೆಯದ ದಿನಗಳನ್ನೂ ಎಣಿಸಿದರು, ಅಷ್ಟೇ.

ಒಂದು ಶಾಸ್ತ್ರದ ಹುಟ್ಟು

1879ರಲ್ಲಿ ಜರ್ಮನಿಯ ಲೈಪ್ಸಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಶಾಲೆಯೊಂದನ್ನು ತೆರೆದದ್ದು ಮನೋವಿಜ್ಞಾನದ ಆರಂಭವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಭಾರತದಲ್ಲಿ 1916ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ದೊರೆಯಿತು. ಅದರ ನಂತರದ ಹೆಜ್ಜೆ ನಮ್ಮ ಕನ್ನಡ ನಾಡಿನದು. ಕಲ್ಕತ್ತದವರೇ ಆದ ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲ್ ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕಾಲದಲ್ಲಿ, 1924ರಲ್ಲಿ, ಅಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದಿದ್ದ ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರವನ್ನು ಸ್ಥಾಪಿಸಿದವರೂ ಇವರೇ. ಪಾಶ್ಚಾತ್ಯರು ರಚಿಸಿದ ಬುದ್ಧಿಪರೀಕ್ಷೆಗಳನ್ನು ಅವರು ನಮ್ಮ ಮಕ್ಕಳಿಗೆ ಹಾಗೆಯೇ ಒಡ್ಡದೆ, ಇಲ್ಲಿನ ಪರಿಸರಕ್ಕೆ ಹೊಂದಿಸಿಕೊಂಡರು. ಲಂಡನ್ನಿನ ಮಗುವಿಗೆ ಸಹಜವಾದ ಪ್ರಶ್ನೆ ಮೈಸೂರಿನ ಮಗುವಿಗೆ ಅಪರಿಚಿತವಾಗಿದ್ದರೆ, ಆ ಪರೀಕ್ಷೆ ಅಳೆಯುವುದು ಬುದ್ಧಿಯನ್ನಲ್ಲ, ಪರಿಚಯವನ್ನು. ಅಳತೆಗೋಲನ್ನೇ ಮೊದಲು ಪರೀಕ್ಷಿಸಬೇಕೆಂಬ ಈ ಎಚ್ಚರ ಲೋಕಜ್ಞಾನದಲ್ಲಿ ಅಪರೂಪ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾದ ಹುಡುಗನನ್ನು 'ದಡ್ಡ' ಎನ್ನುವಾಗ ನಮ್ಮ ಅಳತೆಗೋಲು ಏನನ್ನು ಅಳೆಯಿತು ಎಂದು ನಾವು ಕೇಳಿಕೊಳ್ಳುವುದಿಲ್ಲ.

ಗುರುಮಠದ ವಿದ್ಯಾರ್ಥಿಗಳ ಪರೀಕ್ಷೆ

ಈ ಎರಡು ಬಗೆಯ ತಿಳಿವಳಿಕೆಗಳ ಅಂತರವನ್ನು ತೋರಿಸಲು ನಮ್ಮ ಓದುಗರಿಗೆ ಹತ್ತಿರವಾದ ಪ್ರಯೋಗವೊಂದಿದೆ. ಸಂತ ಲೂಕರ ಶುಭಸಂದೇಶದಲ್ಲಿ ಬರುವ ಸಮಾರ್ಯದವನ ಸಾಮತಿ ನಮಗೆಲ್ಲ ಬಾಯಿಪಾಠ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಕಂಡೂ ಯಾಜಕನೊಬ್ಬ, ಲೇವಿಯನೊಬ್ಬ ಪಕ್ಕಕ್ಕೆ ಸರಿದು ಹೋದರು. ಪರಕೀಯನೆನಿಸಿದ್ದ ಸಮಾರ್ಯದವನು ನಿಂತು ಶುಶ್ರೂಷೆ ಮಾಡಿದನು. ಮೊದಲಿಬ್ಬರು ಏಕೆ ನಿಲ್ಲಲಿಲ್ಲ? ನಮ್ಮ ಲೋಕಜ್ಞಾನ ಥಟ್ಟನೆ ಹೇಳುತ್ತದೆ: ಅವರು ಕಲ್ಲೆದೆಯವರು, ಕಪಟಿಗಳು.

1973ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳು ಈ ಉತ್ತರವನ್ನು ಪರೀಕ್ಷೆಗೆ ಒಡ್ಡಿದರು. ಅಮೆರಿಕದ ಪ್ರಿನ್ಸ್‌ಟನ್ನಿನ ಗುರುಮಠದ 40 ವಿದ್ಯಾರ್ಥಿಗಳು ಅದರಲ್ಲಿ ಪಾಲ್ಗೊಂಡರು. ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕೆಂದು ಅವರಿಗೆ ಒಬ್ಬೊಬ್ಬರಿಗೇ ತಿಳಿಸಲಾಯಿತು. ಕೆಲವರ ವಿಷಯ ಸಮಾರ್ಯದವನ ಸಾಮತಿಯೇ. ಉಳಿದವರದು ಗುರುಮಠದಲ್ಲಿ ಕಲಿತವರಿಗೆ ದೊರೆಯುವ ಉದ್ಯೋಗಗಳು. ಜೊತೆಗೆ ಕೆಲವರಿಗೆ 'ನಿಮಗೆ ಈಗಾಗಲೇ ತಡವಾಗಿದೆ' ಎಂದೂ, ಕೆಲವರಿಗೆ 'ಈಗ ಹೊರಟರೆ ಸರಿ' ಎಂದೂ, ಇನ್ನು ಕೆಲವರಿಗೆ 'ಇನ್ನೂ ಸಮಯವಿದೆ' ಎಂದೂ ಹೇಳಲಾಯಿತು. ದಾರಿಯ ಓಣಿಯಲ್ಲಿ ಒಬ್ಬ ಮನುಷ್ಯ ತಲೆ ಬಾಗಿಸಿ ಕುಸಿದು ಕುಳಿತು, ಕೆಮ್ಮುತ್ತ ನರಳುತ್ತಿದ್ದನು. ಯಾರು ನಿಲ್ಲುತ್ತಾರೆ ಎಂಬುದೇ ನಿಜವಾದ ಪರೀಕ್ಷೆಯಾಗಿತ್ತು.

ಸಮಯವಿದೆ ಎಂದುಕೊಂಡವರಲ್ಲಿ ಶೇ. 63ರಷ್ಟು ಜನ ಸಹಾಯಕ್ಕೆ ಮುಂದಾದರು. ಮಧ್ಯದ ಗುಂಪಿನಲ್ಲಿ ಶೇ. 45, ತಡವಾಗಿದೆ ಎಂದುಕೊಂಡವರಲ್ಲಿ ಕೇವಲ ಶೇ. 10. ಸಾಮತಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗುತ್ತಿದ್ದವರಿಗೂ ಉದ್ಯೋಗಗಳ ಬಗ್ಗೆ ಯೋಚಿಸುತ್ತಿದ್ದವರಿಗೂ ಖಚಿತವೆನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ. ಗುಂಪುಗಳನ್ನು ಮಾಡಿದ್ದು ಒಳ್ಳೆಯವರು ಕೆಟ್ಟವರು ಎಂದು ಆರಿಸಿ ಅಲ್ಲ. ಆದರೂ ಕೈಯಲ್ಲಿದ್ದ ಕೆಲವು ನಿಮಿಷಗಳು ಅವರ ನಡತೆಯನ್ನು ಇಷ್ಟರಮಟ್ಟಿಗೆ ಬದಲಿಸಿದವು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಎರಡು ವರ್ಷಗಳ ನಂತರ, 1975ರಲ್ಲಿ, ಆಂಥೊನಿ ಗ್ರೀನ್‌ವಾಲ್ಡ್ ಎಂಬ ಇನ್ನೊಬ್ಬ ಮನೋವಿಜ್ಞಾನಿ ಇದಕ್ಕೆ ಆಕ್ಷೇಪ ಎತ್ತಿದರು. ಅದೇ ಅಂಕಿಗಳನ್ನು ಬೇರೆ ರೀತಿಯಲ್ಲಿ ಲೆಕ್ಕ ಹಾಕಿ, ಸಾಮತಿಯಿಂದ ಯಾವ ಪ್ರಭಾವವೂ ಇಲ್ಲವೆಂದು ಅವುಗಳಿಂದ ತೀರ್ಮಾನಿಸಲಾಗದು ಎಂದು ವಾದಿಸಿದರು. ಮನೋವಿಜ್ಞಾನವನ್ನು ಲೋಕಜ್ಞಾನದಿಂದ ಬೇರ್ಪಡಿಸುವ ಗುಣ ಇದೇ. ಅದು ಯಾವಾಗಲೂ ಸರಿಯಾಗಿರುತ್ತದೆ ಎಂದಲ್ಲ. ತಾನು ತಪ್ಪಾಗಿದ್ದರೆ ಅದನ್ನು ತೋರಿಸುವ ದಾರಿಯನ್ನು ಇತರರಿಗೆ ತೆರೆದಿಟ್ಟಿರುತ್ತದೆ. 2015ರಲ್ಲಿ ಅನೇಕ ದೇಶಗಳ ಸಂಶೋಧಕರು ಸೇರಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿದಾಗ, ಸುಮಾರು ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿನವು ಮಾತ್ರ ಮೊದಲಿನಂತೆ ಸ್ಪಷ್ಟ ಫಲಿತಾಂಶ ಕೊಟ್ಟವು. ಆ ಸಂಗತಿಯನ್ನು ಪತ್ತೆ ಹಚ್ಚಿ ಜಗತ್ತಿಗೆ ಸಾರಿದವರು ಮನೋವಿಜ್ಞಾನಿಗಳೇ. ಕಟ್ಟೆಯ ಮೇಲಿನ ನಮ್ಮ ತೀರ್ಪುಗಳಲ್ಲಿ ನೂರಕ್ಕೆ ಎಷ್ಟು ಸರಿಯಿದ್ದವು ಎಂದು ನಾವು ಎಂದಾದರೂ ತಿರುಗಿ ನೋಡಿದ್ದುಂಟೇ?

ತೀರ್ಪಿನ ಬೆಲೆ

ಇತರರ ನಡತೆಗೆ ಅವರ ಸ್ವಭಾವವನ್ನು ಕಾರಣವೆನ್ನುವುದು, ನಮ್ಮ ನಡತೆಗೆ ಸನ್ನಿವೇಶವನ್ನು ಕಾರಣವೆನ್ನುವುದು ಮನುಷ್ಯರ ಸಾಮಾನ್ಯ ಒಲವು ಎಂದು ಮನೋವಿಜ್ಞಾನಿಗಳು 1970ರ ದಶಕದಲ್ಲಿ ಗುರುತಿಸಿದರು. ನಾನು ಪೂಜೆಗೆ ತಡವಾಗಿ ಬಂದರೆ ಬಸ್ಸು ಕೈಕೊಟ್ಟಿತು. ಅವನು ತಡವಾಗಿ ಬಂದರೆ ಅವನಿಗೆ ಭಕ್ತಿಯಿಲ್ಲ. ಚಿಕ್ಕ ವಿಷಯಗಳಲ್ಲಿ ಇದು ನಗೆಗೀಡಾಗಿ ಮುಗಿಯಬಹುದು. ಆದರೆ ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಇದರ ಬೆಲೆ ದೊಡ್ಡದು. ಖಿನ್ನತೆಯಿಂದ ನರಳುವವನು ಏಳಲಾರದೆ ಮಲಗಿದ್ದರೆ ಅದು ಸೋಮಾರಿತನವೆನಿಸುತ್ತದೆ. ಅವನಿಗೆ ಬೈಗುಳ ಸಿಗುತ್ತದೆ, ಇಲ್ಲವೆ ಉಪದೇಶ ಸಿಗುತ್ತದೆ, ಚಿಕಿತ್ಸೆ ಸಿಗುವುದಿಲ್ಲ. ಬೀಡಿಯಿಂದ ಕಿತ್ತೂರಿನ ಮೇಲೆ ಹಾದು ಧಾರವಾಡಕ್ಕೆ ಹೋದರೆ ಅಲ್ಲಿ ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯು ಈಗ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿ ಬೆಳೆದು ನಿಂತಿದೆ. ಅದರ ಹೆಸರು ಎಂದೋ ಬದಲಾಗಿದೆ. ಆದರೆ ಅಲ್ಲಿಗೆ ಹೋಗಿಬಂದವರನ್ನು ಕುರಿತ ನಮ್ಮ ಪಿಸುಮಾತು ಇನ್ನೂ ಬದಲಾಗಿಲ್ಲ.

ಆತ್ಮಹತ್ಯೆಯ ವಿಷಯವನ್ನು ತೆಗೆದುಕೊಳ್ಳೋಣ. ಬೇಸತ್ತಿರುವವನ ಮುಂದೆ ಆ ಮಾತನ್ನೇ ಎತ್ತಬಾರದು, ಎತ್ತಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ಲೋಕಜ್ಞಾನ ಹೇಳುತ್ತದೆ. ಕೇಳಲು ಇದು ಕರುಣೆಯ ಮಾತೇ. ಆದರೆ ನಿಜವೇ? ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2342 ವಿದ್ಯಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. ಒಂದು ಗುಂಪಿಗೆ ಆತ್ಮಹತ್ಯೆಯ ಯೋಚನೆಗಳ ಬಗ್ಗೆ ನೇರವಾಗಿ ಪ್ರಶ್ನಿಸಿ, ಇನ್ನೊಂದು ಗುಂಪಿಗೆ ಪ್ರಶ್ನಿಸದೆ ಬಿಟ್ಟರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪ್ರಶ್ನಿಸಿದ್ದರಿಂದ ಅಂಥ ಯೋಚನೆಯಾಗಲಿ ಸಂಕಟವಾಗಲಿ ಹೆಚ್ಚಲಿಲ್ಲ. ಮೊದಲೇ ಖಿನ್ನರಾಗಿದ್ದ ಮಕ್ಕಳಿಗೂ ಅದರಿಂದ ಕೇಡಾಗಲಿಲ್ಲ. ಹಾಗಿದ್ದರೆ ನಮ್ಮ ಮೌನದಿಂದ ಯಾರಿಗೆ ಲಾಭವಾಯಿತು? ಬಹುಶಃ ಕೇಳಲು ಹೆದರುವ ನಮಗೆ ಮಾತ್ರ.

ಈ ತಿಳಿವಳಿಕೆ ಬೆಳೆದಂತೆ ಸಂಸ್ಥೆಗಳೂ ತಮ್ಮ ತೀರ್ಪನ್ನು ಮೃದುಗೊಳಿಸಿವೆ. 1917ರ ಧರ್ಮಸಭೆಯ ಕಾನೂನು ಸಂಹಿತೆಯು ಉದ್ದೇಶಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಕ್ರೈಸ್ತ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿರಾಕರಣೆ ಇಲ್ಲ. ತೀವ್ರವಾದ ಮಾನಸಿಕ ಅಸ್ವಸ್ಥತೆಯು ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡಬಲ್ಲುದೆಂದೂ, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದು ಹೇಳಿ, ಅವರ ಆರೈಕೆಯನ್ನು ಸರ್ಕಾರದ ಕರ್ತವ್ಯವನ್ನಾಗಿಸಿತು. ಕಾನೂನೂ ಧರ್ಮಸಭೆಯೂ ಇಷ್ಟು ದೂರ ನಡೆದು ಬಂದಿರುವಾಗ, ಅಂಥ ಮನೆಯವರನ್ನು ಕಂಡು ಮುಖ ತಿರುಗಿಸುವ ಊರವರು ಮಾತ್ರ ಎಲ್ಲಿದ್ದರೋ ಅಲ್ಲಿಯೇ ಉಳಿಯುವುದು ಸರಿಯಲ್ಲ.

ಹೊಣೆ ಎಲ್ಲಿ ಹೋಯಿತು?

ಇಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ. ಎಲ್ಲಕ್ಕೂ ಸನ್ನಿವೇಶವೇ ಕಾರಣವೆಂದರೆ ಪಾಪಪುಣ್ಯಗಳಿಗೆ ಅರ್ಥವೇನು? ಅವಸರದಿಂದಾಗಿ ನಿಲ್ಲಲಿಲ್ಲ ಎಂದ ಮಾತ್ರಕ್ಕೆ ಆ ವಿದ್ಯಾರ್ಥಿ ನಿರ್ದೋಷಿಯೇ? ಹೆಂಡತಿಯನ್ನು ಹೊಡೆಯುವವನು 'ನನಗೆ ಒತ್ತಡವಿತ್ತು' ಎಂದರೆ ಒಪ್ಪಬೇಕೇ?

ಒಪ್ಪಬೇಕಿಲ್ಲ. ಕಾರಣವನ್ನು ತಿಳಿಯುವುದು ಬೇರೆ, ಕ್ಷಮಾಪತ್ರ ಬರೆದುಕೊಡುವುದು ಬೇರೆ. ಹೊಡೆತ ತಿಂದವಳ ರಕ್ಷಣೆ ಯಾವ ವಿವರಣೆಗಾಗಿಯೂ ಕಾಯಬಾರದು. ಇನ್ನು ಆ ವಿದ್ಯಾರ್ಥಿಗಳ ವಿಷಯ. ಪ್ರಯೋಗವು ಅವರ ಹೊಣೆಯನ್ನು ಅಳಿಸಲಿಲ್ಲ. ಅದು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ತೋರಿಸಿತು. ಅವಸರವು ನನ್ನ ಕರುಣೆಯನ್ನು ಕುಗ್ಗಿಸುತ್ತದೆ ಎಂದು ತಿಳಿದ ಮೇಲೆ, ದಿನವನ್ನು ಉಸಿರಾಡಲೂ ಬಿಡುವಿಲ್ಲದಂತೆ ತುಂಬಿಕೊಳ್ಳುವುದೇ ನೈತಿಕ ಪ್ರಶ್ನೆಯಾಗುತ್ತದೆ. ಹೊಣೆಯು ಬಿದ್ದವನ ಮುಂದೆ ನಿಂತ ಕ್ಷಣದಲ್ಲಿ ಮಾತ್ರವಿಲ್ಲ, ಆ ಬೆಳಿಗ್ಗೆ ಮನೆಯಿಂದ ಹೊರಟ ಗಳಿಗೆಯಲ್ಲಿಯೂ ಇದೆ. ಗುರುಗಳಿಗೆ, ಶಿಕ್ಷಕರಿಗೆ, ದಾದಿಯರಿಗೆ, ಮನೆಯ ಯಜಮಾನರಿಗೆ ಇದು ಯೋಚಿಸತಕ್ಕ ಮಾತು.

ಆದರೆ ನಿಲ್ಲಬೇಕೆಂಬುದನ್ನು ಮನೋವಿಜ್ಞಾನ ಹೇಳಲಾರದು ಎಂಬುದನ್ನೂ ಮರೆಯಬಾರದು. ಎಷ್ಟು ಜನ ನಿಂತರು, ಯಾವಾಗ ನಿಂತರು ಎಂದು ಅದು ಹೇಳಬಲ್ಲುದು. ನರಳುವವನು ನನ್ನ ನೆರೆಯವನು ಎಂಬುದು ಯಾವ ಪ್ರಯೋಗಶಾಲೆಯ ಶೋಧವೂ ಅಲ್ಲ. ಹಾಗೆಯೇ ಶೇಕಡಾವಾರು ಅಂಕಿಗಳು ಗುಂಪಿಗೆ ಸೇರಿದವು. ಮುಂದೆ ಕುಳಿತಿರುವ ಒಬ್ಬ ವ್ಯಕ್ತಿಯನ್ನು ಅವುಗಳಿಂದಲೇ ಓದಿಬಿಡಬಹುದೆಂದು ತಿಳಿಯುವ ಅರೆಬೆಂದ ಮನೋವಿಜ್ಞಾನವು ಕಟ್ಟೆಯ ತೀರ್ಪಿಗಿಂತ ಉತ್ತಮವೇನಲ್ಲ. 'ದಡ್ಡ' ಎನ್ನುತ್ತಿದ್ದ ಜಾಗದಲ್ಲಿ ಒಂದು ರೋಗದ ಹೆಸರನ್ನು ಹಚ್ಚಿ ಕೈತೊಳೆದುಕೊಂಡರೆ ಹುಡುಗನಿಗೆ ಬಂದ ಭಾಗ್ಯವೇನು?

ಎರಡೂ ಕೂಡುವ ದಾರಿ

ಲೋಕಜ್ಞಾನ ಮತ್ತು ಮನೋವಿಜ್ಞಾನ ಪರಸ್ಪರ ವೈರಿಗಳಾಗಬೇಕಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಟ್ಟಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಖಾನಾಪುರ ತಾಲೂಕಿನ ಪಶ್ಚಿಮಕ್ಕೆ, ಜಾಂಬೋಟಿ ಚೋರ್ಲಾ ಘಟ್ಟದಾಚೆಗಿರುವ ಗೋವೆಯಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು 24 ಚಿಕಿತ್ಸಾಲಯಗಳಲ್ಲಿ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಖಿನ್ನತೆ ಮತ್ತು ಆತಂಕದಿಂದ ನರಳುವವರೊಡನೆ ಮಾತನಾಡಲು, ಅವರ ಚಿಕಿತ್ಸೆಯನ್ನು ಅನುಸರಿಸಿ ನೋಡಲು ನೇಮಿಸಿದರು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಹೀಗೆ ನೋಡಿಕೊಂಡವರಲ್ಲಿ ಆರು ತಿಂಗಳಿಗೆ ಸುಮಾರು ಶೇ. 66 ಮಂದಿ ಚೇತರಿಸಿಕೊಂಡರು. ಎಂದಿನ ಉಪಚಾರ ಮಾತ್ರ ಪಡೆದವರಲ್ಲಿ ಸುಮಾರು ಶೇ. 42 ಮಂದಿ. ಖಾಸಗಿ ಚಿಕಿತ್ಸಾಲಯಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಸಂಶೋಧಕರು ಮರೆಮಾಚದೆ ಬರೆದರು. ನಮ್ಮಂತೆಯೇ ಇರುವ, ನಮ್ಮ ಭಾಷೆಯಾಡುವ, ನೆರೆಹೊರೆಯನ್ನು ಬಲ್ಲ ಸಾಮಾನ್ಯ ಜನರೇ ಅಲ್ಲಿ ಆರೈಕೆ ಮಾಡಿದವರು. ತೀರ್ಪು ಕೊಡುವ ಮುನ್ನ ಕೇಳಬೇಕು, ಕೇಳಿದ್ದನ್ನು ಗುರುತು ಹಾಕಿಕೊಳ್ಳಬೇಕು, ಗುಣವಾಯಿತೋ ಇಲ್ಲವೋ ಎಂದು ತಿರುಗಿ ನೋಡಬೇಕು ಎಂಬ ಶಿಸ್ತನ್ನು ಅವರು ಕಲಿತಿದ್ದರು.

ಆ ಶಿಸ್ತಿನ ಒಂದಂಶವನ್ನು ನಾವೂ ಕಲಿಯಬಹುದು. ಮನೆಯಲ್ಲಿ ಕುಳಿತ ಆ ಹುಡುಗನ ಬಗ್ಗೆ, ಮಾತು ಬಿಟ್ಟ ಆ ಸೊಸೆಯ ಬಗ್ಗೆ, ಹೊಲ ತೊರೆದ ಆ ರೈತನ ಬಗ್ಗೆ ಮಾತನಾಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದಕ್ಕೆ ವಿರುದ್ಧವಾದುದು ನಡೆದಿದ್ದರೂ ನಾನು ಇಷ್ಟೇ ಖಚಿತವಾಗಿ ಕಾರಣ ಹೇಳುತ್ತಿದ್ದೆನೇ? ಇದೇ ಸ್ಥಿತಿಯಲ್ಲಿದ್ದೂ ಹೀಗೆ ನಡೆದುಕೊಳ್ಳದವರನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೇನೆಯೇ? ಅವರ ಬಗ್ಗೆ ಇಷ್ಟು ಜನರೊಡನೆ ಮಾತನಾಡಿದ ನಾನು, ಅವರೊಡನೆ ಒಮ್ಮೆಯಾದರೂ ಮಾತನಾಡಿದ್ದೇನೆಯೇ?

ಮೂರನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದರೆ, ಮುಂದೆ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಅವರ ಮನೆಗೆ ಹೋಗಿ ಕುಳಿತು, 'ನಿಮಗೆ ಏನಾಗುತ್ತಿದೆ?' ಎಂದು ಕೇಳಬೇಕು. ಉತ್ತರ ಬರುವವರೆಗೆ ಕಾಯಬೇಕು. ಸಂಕಟ ನಮ್ಮ ಕೈಮೀರಿದ್ದೆಂದು ತೋರಿದರೆ ಬಲ್ಲವರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸರ್ಕಾರಿ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಎತ್ತಿಗೆ ಬಂದ ಕಾಯಿಲೆಗೆ ನಾವು ತೋರುವಷ್ಟು ವಿನಯವನ್ನು ಮನುಷ್ಯನ ಮನಸ್ಸಿಗೂ ತೋರಿದರೆ ಅದೇ ಒಳ್ಳೆಯ ಆರಂಭ.